ಮೇಷ್ಟ್ರ ಟೋಪಿ

ಎರಡು ತಿಂಗಳ ಲಾಕ್‌ಡೌನ್ ಮುಗಿದ ಬೆಳಿಗ್ಗೆ, ಊರಾಚೆಯ ಮನೆಯಿಂದ ನಡೆದು ಬಂದು ಸಿದ್ದರಾಜು ತನ್ನ ಕಟಿಂಗ್ ಶಾಪಿನ ಶೆಟರ್ ಎತ್ತಿದ. ಮೊದಲು ಬಂದವರು ಮೇಷ್ಟ್ರು. ಮುಖಕ್ಕೆ ಮಾಸ್ಕು, ಆ ಸೆಕೆಯಲ್ಲೂ ತಲೆಗೆ ಉಣ್ಣೆಯ ಟೋಪಿ.

ಅವರನ್ನು ಕಂಡು ಅವನಿಗೆ ಜೀವ ಬಂದಂತಾಯಿತು. ಅಂಗಡಿ ಮುಚ್ಚಿಸಿದ ದಿನ ಬೀದಿಯ ಗಂಡಸರನ್ನೆಲ್ಲ ನಿಲ್ಲಿಸಿ, "ಇವನು ಮತ್ತೆ ಬಾಗಿಲು ತೆಗೆಯೋವರೆಗೂ ಯಾರೂ ಮನೇಲಿ ತಲೆಗೆ ಮಿಷನ್ ಹಾಕ್ಕೋಬಾರ್ದು, ಅಷ್ಟಾದ್ರೂ ಇವನಿಗೆ ಮಾಡೋಣ" ಎಂದು ಮಾತು ತೆಗೆದುಕೊಂಡವರು ಇವರೇ.

"ಕೂತ್ಕೊಳ್ಳಿ ಮೇಷ್ಟ್ರೇ, ಟೋಪಿ ತೆಗೀರಿ."

"ಇವತ್ತು ಬೇಡ ಕಣೋ. ನಿನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ."

ಅಷ್ಟರಲ್ಲಿ ಅವನ ಕಣ್ಣು ಅವರ ಕತ್ತಿನ ಹಿಂಭಾಗದ ಮೇಲೆ ಬಿತ್ತು. ಅಲ್ಲಿ ಒಂದೆಳೆ ಕೂದಲೂ ಇರಲಿಲ್ಲ. ಸಿಟ್ಟು ನೆತ್ತಿಗೇರಿ ಟೋಪಿಯನ್ನು ಕಿತ್ತೇಬಿಟ್ಟ. ತಲೆ ನುಣ್ಣಗೆ ಬೋಳಾಗಿತ್ತು. ಅಲ್ಲಲ್ಲಿ ಬ್ಲೇಡು ಕಚ್ಚಿ ಒಣಗಿದ ಗಾಯ.

"ಬೀದಿಗೆಲ್ಲ ಬುದ್ಧಿ ಹೇಳಿ ನೀವೇ ಹೀಗಾ ಮಾಡೋದು? ಸೆಕೆ ತಡ್ಯೋಕಾಗ್ಲಿಲ್ಲ ಅಂದ್ರೆ ಒಂದು ಫೋನ್ ಮಾಡೋಕೇನಾಗಿತ್ತು? ಇಪ್ಪತ್ತು ವರ್ಷ ನಿಮ್ಮ ತಲೆ, ನಿಮ್ಮ ತಂದೆಯವರ ಗಡ್ಡ ಮಾಡಿದ ಕೈ ಇದು! ಯಾವನ ಹತ್ರ ಹೆರೆಸ್ಕೊಂಡ್ರಿ, ಹೇಳಿ!"

"ನಾನೇ ಮಾಡ್ಕೊಂಡೆ."

"ಯಾಕೆ, ನಾನು ಸತ್ತುಹೋಗಿದ್ನಾ?"

ಮೇಷ್ಟ್ರು ಮಾಸ್ಕು ಕೆಳಗಿಳಿಸಿದರು. ಮೀಸೆಯೂ ಇರಲಿಲ್ಲ.

"ಅಪ್ಪ ಕೊರೊನಾದಲ್ಲಿ ಹೋದ್ರು ಕಣೋ. ಕರೆದಿದ್ರೆ ನೀನು ಬಂದೇಬಿಡ್ತಿದ್ದೆ."