ಬೋಟಿನ ತಳದ ವಾಲ್ವ್

ಒಲೆಯ ಬೂದಿ, ಫಿನಾಯಿಲ್, ಅವೆರಡಕ್ಕೂ ಮುಚ್ಚಲಾಗದ ಇನ್ನೊಂದು. ಮಧುಕುಮಾರನ ಬಾಲ್ಯದ ವಾಸನೆ ಅದು. ಬೋಟಿನ ಪುಟ್ಟ ಕಕ್ಕಸಿನೊಳಗೆ ತಲೆ ತೂರಿಸಿದ್ದೇ ತಡ, ಇಪ್ಪತ್ತಮೂರು ವರ್ಷ ದಾಟಿ ಬಂದು ಮೂಗಿಗೆ ಹತ್ತಿತು.

ಬೋಟನ್ನು ಯಗಚಿ ಹಿನ್ನೀರಿನ ದಂಡೆಗೆ ಎಳೆದು, ಮರದ ದಿಮ್ಮಿಗಳ ಮೇಲೆ ಕೂರಿಸಿದ್ದರು. ಮಾಲೀಕ ರಂಗನಾಥ್ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಭಾನುವಾರ ಮೊದಲ ಸವಾರಿ ಕಣಯ್ಯ. ನಮ್ಮ ನೆಂಟರೆಲ್ಲ ಬರ್ತಾರೆ. ಹೆಂಗಸರು, ಮಕ್ಕಳು. ವಾಸನೆ ಬರಬಾರದು."

"ಭಾನುವಾರ ವಾಸನೆ ಬರಲ್ಲ ಸರ್."

"ಯಾವೂರು ನಿಂದು?"

"ಬಿಕ್ಕೋಡು ಕಡೆ. ಹೊನ್ನಯ್ಯನ ಮಗ."

"ಯಾವ ಹೊನ್ನಯ್ಯ?" ಎಂದರು. ಉತ್ತರಕ್ಕೆ ಕಾಯಲಿಲ್ಲ.

ಹೊನ್ನಯ್ಯನ ಹೆಂಡತಿ ಮುದ್ದಮ್ಮ ಇದೇ ರಂಗನಾಥರ ಎಸ್ಟೇಟ್ ಬಂಗಲೆಯಲ್ಲಿ ಹದಿನಾರು ವರ್ಷ ಮಲ ಹೊತ್ತವಳು. ಮಗನ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯ ದಿನ ಅವಳಿಗೆ ಜ್ವರ. ಬಂಗಲೆಯಿಂದ ಜೀಪು ಬಂತು. ಪೆನ್ನಿಗೆ ಇಂಕು ತುಂಬುತ್ತಿದ್ದ ಹುಡುಗನನ್ನು ಹತ್ತಿಸಿಕೊಂಡು ಹೋಯಿತು. ರಂಗನಾಥ್ ಗದರಲೂ ಇಲ್ಲ. "ಪರೀಕ್ಷೆ ಮುಂದಿನ ವರ್ಷವೂ ಬರುತ್ತೆ. ಇದು ಕಾಯುತ್ತಾ?" ಎಂದರು, ಅಷ್ಟೇ.

ಹುಡುಗ ಮತ್ತೆ ಶಾಲೆಗೆ ಹೋಗಲಿಲ್ಲ. ಮಂಗಳೂರು ಸೇರಿ, ಮೀನುಗಾರಿಕೆ ಬೋಟುಗಳಲ್ಲಿ ಪೈಪಿನ ಕೆಲಸ ಕಲಿತ. ಈಗ ಬೇಲೂರಿನ ಸುತ್ತಮುತ್ತ ಬೋಟಿನ ಕೆಲಸ ಗೊತ್ತಿದ್ದವನು ಅವನೊಬ್ಬನೇ.

ಹಳೆಯ ಕಕ್ಕಸಿನ ಪೈಪು ಬೋಟಿನ ತಳ ಕೊರೆದು ಸೀದಾ ನೀರಿಗೆ ಇಳಿದಿತ್ತು. ಮಧುಕುಮಾರ ಹೊಸ ಕಮೋಡು ಕೂರಿಸಿದ. ಫ್ಲಶ್ ಮಾಡಲು ಕೈಪಂಪು ಜೋಡಿಸಿದ. ನೆಲದಡಿ ಒಂದು ತೊಟ್ಟಿ ಇಟ್ಟ.

"ತೊಟ್ಟಿ ಯಾಕೆ? ನೀರಿಗೇ ಹೋಗಲಿ ಬಿಡು."

"ಬೇಲೂರಿನವರು ಕುಡಿಯೋ ನೀರು ಸರ್. ಪರವಾನಗಿಯಲ್ಲೇ ಬರೆದಿದ್ದಾರೆ. ತೊಟ್ಟಿ ಇರಬೇಕು, ತುಂಬಿದ ಹಾಗೆ ಖಾಲಿ ಮಾಡಬೇಕು."

"ಅದಕ್ಕೆಲ್ಲ ಜನ ಇದ್ದಾರೆ. ಆ ತಳದ ವಾಲ್ವ್ ಮಾತ್ರ ತೆಗೀಬೇಡ, ಬೇಕಾದಾಗ ಸದ್ದಿಲ್ಲದೆ ಬಿಟ್ಕೋಬಹುದು."

"ಆಗಲಿ ಸರ್."

ಶನಿವಾರ ಮಧ್ಯಾಹ್ನ ರಂಗನಾಥ್ ಊಟಕ್ಕೆ ಹೋದರು. ಮಧುಕುಮಾರ ಬೋಟಿನಡಿ ಅಂಗಾತ ಮಲಗಿ ಹಿತ್ತಾಳೆ ವಾಲ್ವನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡ. ತಳದಲ್ಲಿ ಮುಷ್ಟಿಗಾತ್ರದ ತೂತು ಉಳಿಯಿತು. ಅವರು ಮರಳಿ ಬರುವಷ್ಟರಲ್ಲಿ ಅದರ ಮೇಲೆ ನೀಲಿ ಬಣ್ಣ ಒಣಗುತ್ತಿತ್ತು. ಬಣ್ಣದ ಕೆಳಗೆ ಏನಿದೆಯೆಂದು ಅವನೊಬ್ಬನಿಗೇ ಗೊತ್ತು.

ಆ ವಾರವೆಲ್ಲ ಸಂಜೆ ಅವನು ಸೈಕಲ್ ಹತ್ತಿ ತಮ್ಮವರ ಕೇರಿಗಳಿಗೆ ಹೋಗಿದ್ದ. ಬೇಲೂರು, ಬಿಕ್ಕೋಡು, ಗೆಂಡೆಹಳ್ಳಿ. ಪ್ರತಿ ಮನೆಯಲ್ಲೂ ದನಿ ತಗ್ಗಿಸಿ ಒಂದೇ ಮಾತು ಹೇಳಿದ್ದ. ಮುದುಕ ಜವರಪ್ಪ ಅವನ ಕೈ ಹಿಡಿದುಕೊಂಡಿದ್ದ. "ನಮ್ಮನೇರು ಒಬ್ರೂ ಆ ಬೋಟ್ ಹತ್ತಲ್ಲ ಕಣಪ್ಪ. ನೀ ಹೇಳಿದ್ದು ಒಳ್ಳೇದಾಯ್ತು."

ಭಾನುವಾರ ಬೆಳಿಗ್ಗೆ ಮುದ್ದಮ್ಮನಿಗೆ ಚೀಲದಲ್ಲಿ ವಾಲ್ವ್ ಸಿಕ್ಕಿತು.

"ಇದ್ಯಾಕ್ಲಾ ಬಿಚ್ಕೊಂಡ್ ಬಂದೆ?"

"ಇನ್ಮೇಲೆ ಅದು ಬೇಕಾಗಲ್ಲ ಕಣವ್ವ."

ಅವಳು ಮಗನ ಮುಖವನ್ನೇ ನೋಡಿದಳು. "ಬ್ಯಾಡ ಮಗ. ಹದಿನಾರು ವರ್ಷ ನಾನು ಸಹಿಸ್ಕಂಡಿಲ್ವಾ?"

"ಅದಕ್ಕೇ."

"ಮಕ್ಕಳಿರ್ತಾವೆ ಅದ್ರಾಗೆ."

"ಮಕ್ಕಳಿಗೆ ಏನೂ ಆಗಲ್ಲ. ಅನುಭವಿಸೋನು ಅವನೊಬ್ಬನೇ."

ಹನ್ನೊಂದು ಗಂಟೆಗೆ ಇಪ್ಪತ್ತೊಂದು ಜನರನ್ನು ಹೊತ್ತು ಬೋಟು ಹೊರಟಿತು. ಮಧುಕುಮಾರ ದಂಡೆಯ ಕಲ್ಲಿನ ಮೇಲೆ ಅವ್ವನ ಪಕ್ಕ ಕೂತು ನೋಡಿದ. ಹಿನ್ನೀರಿನ ನಡುವೆ ಇಂಜಿನ್ ನಿಂತಿತು. ಬೋಟು ಒಂದು ಬದಿಗೆ ವಾಲಿತು. ಹೆಂಗಸರ ಕೂಗು ನೀರಿನ ಮೇಲೆ ತೇಲಿ ಬಂತು. ಮುದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬೆಳ್ಳಕ್ಕಿಗಳ ಹಿಂಡೊಂದು ಮೇಲೆದ್ದಿತ್ತು. ಎಲ್ಲರೂ ಅದನ್ನು ನೋಡಲು ಒಂದೇ ಬದಿಗೆ ನುಗ್ಗಿದ್ದರು. ಇಂಜಿನ್ ಮತ್ತೆ ಗುಡುಗಿತು. ಎರಡು ಗಂಟೆ ಸುತ್ತಾಡಿ ಬೋಟು ದಡ ಮುಟ್ಟಿತು. ಮಕ್ಕಳು ಕುಣಿಯುತ್ತ ಇಳಿದರು.

"ಒಂದು ಹನಿ ಸೋರಿಲ್ಲ ಕಣಯ್ಯ" ಎಂದರು ರಂಗನಾಥ್. "ಒಳ್ಳೇ ಕೈ ನಿಂದು."

"ಸೋರಲ್ಲ ಸರ್. ಇಪ್ಪತ್ತು ವರ್ಷವಾದರೂ ಅಲ್ಲಿಂದ ಒಂದು ಹನಿ ಆಚೀಚೆ ಹೋಗಲ್ಲ."

ತೊಟ್ಟಿ ತುಂಬಿತ್ತು; ತಳದಲ್ಲಿ ವಾಲ್ವ್ ಇದ್ದ ತೂತು ಶಾಶ್ವತವಾಗಿ ಮುಚ್ಚಿತ್ತು. ಸೋಮವಾರ ತೊಟ್ಟಿ ಖಾಲಿ ಮಾಡುವವರನ್ನು ಕರೆತರಲು ರಂಗನಾಥರ ಜೀಪು ಬಿಕ್ಕೋಡಿನ ಕೇರಿಗೆ ಹೋಗಿ ಖಾಲಿ ಮರಳಿತು. ಮಂಗಳವಾರ ಬೇಲೂರಿನಿಂದ, ಗೆಂಡೆಹಳ್ಳಿಯಿಂದಲೂ ಖಾಲಿ. ಬುಧವಾರ ಹತ್ತಕ್ಕೆ ಪ್ರವಾಸಿಗರು ಬರುವವರಿದ್ದರು.

ಬುಧವಾರ ಬೆಳಿಗ್ಗೆ ಏಳಕ್ಕೆ ಮುದ್ದಮ್ಮ ಬುತ್ತಿ ಹಿಡಿದು ದಂಡೆಗೆ ಬಂದಾಗ, ತುಂಬಿ ತುಳುಕುವ ತೊಟ್ಟಿಯಿಂದ ದಿಬ್ಬದ ಮೇಲಿನ ಗುಂಡಿಗೆ ಒಬ್ಬರೇ ಬಕೆಟ್ ಹೊರುತ್ತಿದ್ದರು, ಪಂಚೆ ಮೇಲಕ್ಕೆ ಕಟ್ಟಿ, ಮೂಗಿಗೆ ಟವೆಲ್ ಸುತ್ತಿಕೊಂಡು, ರಂಗನಾಥ್. ಹನ್ನೊಂದನೆಯ ಬಕೆಟ್ ಮುಗಿಸಿ, ಸೋಪು ಹಚ್ಚಿ ಹಚ್ಚಿ ಕೈ ತೊಳೆಯುತ್ತಿದ್ದವರನ್ನು ಅವಳು ಸ್ವಲ್ಪ ಹೊತ್ತು ನೋಡಿದಳು. "ಮೊದಲ್ನೇ ದಿವ್ಸ ಅನ್ನ ಗಂಟಲಲ್ಲಿ ಇಳಿಯಕ್ಕಿಲ್ಲ ಕಣಪ್ಪ" ಎಂದಳು. "ಹಸಿವಾದಾಗ ಉಣ್ಣು." ಬುತ್ತಿಯನ್ನು ಅವರ ಒದ್ದೆ ಕೈಗೆ ಕೊಟ್ಟಳು.