ಬಣ್ಣ ಬರದ ನೀರು

ಲೋಹಕ್ಕೆ ಕ್ರೋಮಿಯಂ ಲೇಪ ಕೊಡುವ ಪ್ಲೇಟಿಂಗ್ ಕಾರ್ಖಾನೆಯ ಹಿಂದಿನ ಮನೆ. ನೀರು ಪರೀಕ್ಷಿಸಲು ಬಂದವನು ಮನೆಯಾಕೆ ಒಳಗಿನಿಂದ ಬಾವಿಯ ನೀರು ತುಂಬಿ ತಂದ ಶೀಶೆಗೆ ಔಷಧಿಯ ಹನಿ ಬಿಟ್ಟ.

"ಕ್ರೋಮಿಯಂ ಎರಡು ನಮೂನಿ ಇರ್ತದ್ರಿ ಅಕ್ಕಾರ. ನೇರಳೆ ಬಣ್ಣ ಬಂದ್ರ ವಿಷದ್ದು."

ಬಣ್ಣ ಬರಲಿಲ್ಲ.

"ಚಿಂತಿಲ್ಲ ಬಿಡ್ರಿ. ಇದ್ರೂ ಸಾಧು ಜಾತೀದಿರಬೇಕು."

ಶೀಶೆ ಎತ್ತಿಡುವಾಗ ತಳದಲ್ಲೊಂದು ಬೀಜ ಕಂಡು ಅವನ ಕೈ ನಿಂತಿತು.

"ನಿಂಬಿಹಣ್ಣು ಹಿಂಡೀರೇನ್ರಿ? ಅದು ಬಿದ್ರ ವಿಷದ್ದು ಸಾಧು ಜಾತಿಗೆ ತಿರುಗ್ತದ, ಪರೀಕ್ಷಾದಾಗ ಸಿಗಂಗಿಲ್ಲ."

"ಮನಿಗೆ ಬಂದವ್ರಿಗೆ ಹಳದಿ ನೀರು ಹ್ಯಾಂಗ ಕೊಡೂದ್ರಿ? ಹಿಂಡಿದ್ರ ತಿಳಿ ಆಗ್ತದ."

"ನೀವೂ ದಿನಾ ಹಿಂಗೇ ಕುಡೀತೀರಿ?"

"ದೊಡ್ಡವ್ರೆಲ್ಲಾ ಹಿಂಡಕೊಂಡೇ ಕುಡೀತೀವ್ರಿ," ಎನ್ನುತ್ತಾ ಆಕೆ ತೊಟ್ಟಿಲು ತೂಗಿದಳು. "ಕೂಸಿಗೆ ಹುಳಿ ಆಗಂಗಿಲ್ಲ. ಅದಕ್ಕ ಬಾವೀದು ಹಂಗೇ ಕುಡಸ್ತೀನಿ."