ಮೊದಲ ರೊಟ್ಟಿ

ಪೊಲೀಸ್ ನಾಯಿ ಎಲ್ಲಿಯೂ ನಿಲ್ಲಲಿಲ್ಲ. ಸಾಹುಕಾರ ಕುಬೇರಪ್ಪನ ಮನೆಯಿಂದ ಹೊರಟದ್ದು ಕೆರೆಯ ಏರಿ ಹತ್ತಿ ಇಳಿದು, ಯರಗುಪ್ಪಿ ದಾರಿಯ ಎರೆಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದ ಗೂಳಪ್ಪನ ಮುಂದೆ ಬಂದು ಕೂತುಬಿಟ್ಟಿತು. ಬೆನ್ನ ಹಿಂದೆ ಓಡಿಬಂದಿದ್ದ ಅರ್ಧ ಊರು ಹೋ ಎಂದಿತು. ಹಗ್ಗ ಹಿಡಿದ ಪೊಲೀಸಪ್ಪ ಏದುಸಿರು ಬಿಡುತ್ತಲೇ ನಾಯಿಯ ಬೆನ್ನು ಸವರಿ ಬಿಸ್ಕೀಟು ಕೊಟ್ಟ. ಠಾಣೆಯ ಸಾಹೇಬ ಗೂಳಪ್ಪನ ಕಪಾಳಕ್ಕೆ ಕೊಟ್ಟ.

ಕಳುವಾದದ್ದು ಕುಬೇರಪ್ಪನ ಹೆಂಡತಿ ಸುಶೀಲವ್ವನ ಬಂಗಾರದ ಬೋರಮಾಳ ಸರ. ಟ್ರಂಕಿನೊಳಗೆ ಕಂಬಳಿಯ ಕೆಳಗೆ ಇಟ್ಟಿದ್ದಳಂತೆ. ಅದಕ್ಕೇ ನಾಯಿಗೆ ಆ ಕಂಬಳಿಯ ವಾಸನೆ ತೋರಿಸಿದ್ದರು. ಕಂಬಳಿಯೋ, ಗೂಳಪ್ಪನ ಕುರಿಗಳ ಉಣ್ಣೆ, ಗೂಳಪ್ಪನೇ ನೇಯ್ದದ್ದು, ಹೋದ ವಾರ ಅವನೇ ಹೆಗಲ ಮೇಲೆ ಹೊತ್ತು ಆ ಮನೆಗೆ ಕೊಟ್ಟುಬಂದದ್ದು. ಅದಕ್ಕೆ ಅವನ ವಾಸನೆ ಬರದೆ ಸಾಹೇಬರ ಅತ್ತರಿನ ವಾಸನೆ ಬರುತ್ತದೆಯೆ?

"ಕಂಬಳಿ ನಾನ ಮಾಡಿ ಕೊಟ್ಟದ್ರಿ ಸಾಹೇಬ್ರ," ಎಂದ ಗೂಳಪ್ಪ, ಕೆನ್ನೆ ಹಿಡಿದುಕೊಂಡು.

"ನಿನ್ನ ಯಾರ ಕೇಳ್ಯಾರಲೇ? ನಾಯಿನ್ನ ಕೇಳೀವಿ. ಅದು ಹೇಳೈತಿ."

ಗೂಳಪ್ಪ ಕುಬೇರಪ್ಪನ ಕಡೆ ನೋಡಿದ. ಕುಬೇರಪ್ಪನಿಗೆ ಎಲ್ಲ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಆದರೆ ವಶೀಲಿ ಹಚ್ಚಿ ಜೀಪು ತರಿಸಿದವನು ಅವನೇ. ತಾನು ತರಿಸಿದ ನಾಯಿ ದಾರಿ ತಪ್ಪಿತೆಂದು ಊರ ಮುಂದೆ ಹೇಳಲು ಯಾವ ದೊಡ್ಡಮನುಷ್ಯನಿಗೆ ನಾಲಿಗೆ ಹೊರಳುತ್ತದೆ? ನಾಯಿ ಮುಂದೆ ನಾವೇನು ಹೇಳುವುದು ಎಂದು ಗೊಣಗಿ, ಧೋತರದ ಚುಂಗು ಸರಿಮಾಡಿಕೊಂಡ.

ಅಷ್ಟರಲ್ಲಿ ಗೂಳಪ್ಪನ ತಾಯಿ ಫಕೀರವ್ವ ಓಡಿಬಂದಳು. ಮೈಲಾರಲಿಂಗನ ಒಕ್ಕಲು ಅವರದು, ನಾಯಿಯೆಂದರೆ ಆ ದೇವರ ಬಳಗ. ಆ ಮನೆಯಲ್ಲಿ ಮೊದಲ ರೊಟ್ಟಿ ನಾಯಿಗೆ, ಆಮೇಲೆ ಮನುಷ್ಯರಿಗೆ. ಗೂಳಪ್ಪ ತೊಟ್ಟಿಲಲ್ಲಿದ್ದಾಗಿನಿಂದ ಆ ಪದ್ಧತಿ ಒಂದು ದಿನ ತಪ್ಪಿದ್ದಿಲ್ಲ. ಮುದುಕಿ ಸೊಂಟದ ಚೀಲದಿಂದ ದೇವರ ಅರಿಸಿನ ಭಂಡಾರ ತೆಗೆದು ಪೊಲೀಸ್ ನಾಯಿಯ ಹಣೆಗೆ ಹಚ್ಚಿದಳು, ಅದಕ್ಕೆ ಅಡ್ಡಬಿದ್ದಳು. ಪೊಲೀಸಪ್ಪನಿಗೆ ನಗು ಬಂತು. ಅಡ್ಡಬಿದ್ದು ಎದ್ದ ಅವ್ವ ಗೂಳಪ್ಪನ ಮುಖ ಮಾತ್ರ ನೋಡಲಿಲ್ಲ.

ಠಾಣೆಯಲ್ಲಿ ಅವನನ್ನು ಬೆಂಚಿಗೆ ಕಟ್ಟಿ ಅಂಗಾಲಿಗೆ ಹೊಡೆದರು. ಅಲ್ಲಾದರೆ ಗಾಯ ಯಾರಿಗೂ ಕಾಣುವುದಿಲ್ಲವಲ್ಲ. ಗೂಳಪ್ಪ ಗಟ್ಟಿಗ, ಹೆದರಲಿಲ್ಲ ಎಂದು ಬರೆದರೆ ಸುಳ್ಳಾದೀತು. ಹೆದರಿದ, ಚೀರಿದ, ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡ. ಆದರೆ ತಗೊಂಡೀನಿ ಎಂಬ ಮಾತೊಂದನ್ನು ಬಾಯಿಂದ ಬಿಡಲಿಲ್ಲ. ಹೊರಗೆ ಕಟ್ಟೆಯ ಮೇಲೆ ಅವ್ವ ಕೂತಿದ್ದಳು, ಆ ಮಾತು ಅವಳ ಕಿವಿಗೆ ಬಿದ್ದೀತು ಎಂದು ಹಲ್ಲು ಕಚ್ಚಿದ. ಕೈಸೋತ ಸಾಹೇಬ ಕಡೆಗೆ ಅವಳನ್ನೇ ಒಳಗೆ ಕರೆಸಿ, ಮಗನಿಗೆ ನಾಲ್ಕು ಬುದ್ಧಿಮಾತು ಹೇಳು ಎಂದ.

ಫಕೀರವ್ವ ಮಗನ ತಲೆ ಸವರಿದಳು. "ಖರೆ ಹೇಳಿಬಿಡೋ ನನ್ನಪ್ಪಾ. ನಾಯಿ ಸುಳ್ಳ ಹೇಳೂದಿಲ್ಲ."

"ನಾ ಸುಳ್ಳ ಹೇಳ್ತೀನೇನಬೇ?"

ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು ಗೋಡೆ ನೋಡಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಕಟ್ಟಿದವರು ಆ ಹೊತ್ತಿನ ಫಕೀರವ್ವನನ್ನು ನೋಡಿರಲಿಕ್ಕಿಲ್ಲ. ಗೂಳಪ್ಪ ಒಮ್ಮೆ ಅವಳ ಮುಖ ನೋಡಿದ. ಆಮೇಲೆ ಸಾಹೇಬನ ಕಡೆ ತಿರುಗಿ, "ಹೌದ್ರಿ, ನಾನ ತಗೊಂಡೀನ್ರಿ," ಎಂದ. ಎಲ್ಲಿ ಇಟ್ಟಿದ್ದೀಯ ಎಂಬ ಪ್ರಶ್ನೆ ಬಂತು. ಕದಿಯದ ಸರದ ಜಾಗ ಅವನಿಗೆ ಹೇಗೆ ಗೊತ್ತಿರಬೇಕು? ಮತ್ತೆ ಲಾಠಿ ಎದ್ದಿತು.

ಮರುದಿನ ಕುಬೇರಪ್ಪನ ಮಗಳು ಶೈಲಶ್ರೀ ಹುಬ್ಬಳ್ಳಿಯಿಂದ ಫೋನು ಮಾಡಿದಳು. ಗೆಳತಿಯ ಮದುವೆಗೆ ಹಾಕಿಕೊಳ್ಳಲು ಸರವನ್ನು ತಾನೇ ಒಯ್ದಿದ್ದಳಂತೆ, ಹೇಳಲು ಮರೆತಳಂತೆ. ಸಾಹೇಬ ಗೂಳಪ್ಪನಿಗೆ ಚಹಾ ಕುಡಿಸಿ, ತಗೊಳ್ಳದೆ ತಗೊಂಡೆ ಎಂದು ಸುಳ್ಳು ಹೇಳಿ ಪೊಲೀಸರ ವೇಳೆ ಹಾಳು ಮಾಡಿದೆಯಲ್ಲೋ ಎಂದು ಬೈದು ಬಿಟ್ಟುಬಿಟ್ಟ. ಈ ವರ್ಷವೂ ತನ್ನ ಹೊಲದಲ್ಲೇ ಕುರಿ ತರುಬಬಹುದು ಎಂದು ಕುಬೇರಪ್ಪ ಹೇಳಿಕಳಿಸಿದ. ದೊಡ್ಡವರ ದೊಡ್ಡ ಮನಸ್ಸು!

ಗೂಳಪ್ಪ ಗೋಡೆ ಹಿಡಿದು, ಹಿಮ್ಮಡಿಯ ಮೇಲೆ ಕುಂಟುತ್ತ ಮನೆ ಸೇರಿ ಒಲೆಯ ಬಾಜು ಕೂತ. ಕುರಿ ಕಾಯುವ ಮನೆಯ ನಾಯಿ ಬಂದು ಅವನ ಬಾತ ಅಂಗಾಲು ಮೂಸಿ, ಬಾಲ ಅಲ್ಲಾಡಿಸಿ, ಎಂದಿನಂತೆ ಹೊಸ್ತಿಲ ಹೊರಗೆ ರೊಟ್ಟಿಗಾಗಿ ಕಾದು ನಿಂತಿತು. ಫಕೀರವ್ವ ಹಂಚಿನಿಂದ ಮೊದಲ ರೊಟ್ಟಿ ತೆಗೆದಳು. ಜೀವಮಾನದಲ್ಲಿ ಮೊದಲ ಸಲ ಅದನ್ನು ನಾಯಿಗೆ ಹಾಕದೆ ಮಗನ ತಾಟಿಗೆ ಹಾಕಿದಳು.

ಗೂಳಪ್ಪ ತಾಟನ್ನು ಮೆಲ್ಲಗೆ ಹೊಸ್ತಿಲ ಕಡೆ ಸರಿಸಿದ.

"ಅದಕ್ಕ ಹಾಕಬೇ. ನಾಯಿಗೆ ನನ್ನ ಗುರುತು ಸಿಕ್ಕಿತ್ತು. ಸಿಗದಿದ್ದದ್ದು ನಿನಗ."